ಕರೆಂಟು ಹೋದಾಗ ಎದ್ದವರು ಔಟು

ಹುಣಸೆಮರದ ಮಠ
ಶಿಕಾರಿಪುರ ತಾಲ್ಲೂಕು
6 ಅಕ್ಟೋಬರ್ 2024

ಚೈತ್ರಕ್ಕನಿಗೆ,

ಅಂಚೆಯವನು ಅಂಗಡಿಗೆ ಬಂದು ಈ ಲಕೋಟೆ ಕೊಟ್ಟಾಗ ಬ್ಯಾಂಕಿನ ನೋಟಿಸೋ ಏನೋ ಎಂದು ನಿನ್ನ ಎದೆ ಒಮ್ಮೆ ಧಸಕ್ಕೆಂದಿರುತ್ತದೆ. ಹೆದರಬೇಡ, ನಾನೇ, ನಿನ್ನ ತಮ್ಮ ಸುರೇಂದ್ರ. ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಗಲೂಬೇಡ. ಇಲ್ಲಿ ಮರಿಗಳಿಗೆ, ಅಂದರೆ ಮುಂದೆ ಸ್ವಾಮಿಗಳಾಗಬೇಕಾದವರಿಗೆ, ಕಲಿಕೆ ಮುಗಿಯುವ ತನಕ ಮೊಬೈಲು ಇಲ್ಲ. ಮಠದ ಫೋನು ಮ್ಯಾನೇಜರ್ ಮಹೇಶ್ವರಪ್ಪನವರ ಮೇಜಿನ ಮೇಲಿದೆ. ಅವರಿಗೆ ಕಿವಿ ಮಂದ, ಹಾಗಾಗಿ ಯಾರ ಫೋನು ಬಂದರೂ ಸ್ಪೀಕರಿಗೆ ಹಾಕುತ್ತಾರೆ. ಹೋದ ತಿಂಗಳು ಅವ್ವ ಫೋನು ಮಾಡಿ, "ಹೊಟ್ಟೆ ಕಟ್ಟಿದ್ದು ಸರಿ ಹೋತೇನೋ?" ಎಂದು ಕೇಳಿದ್ದು ದಾಸೋಹದ ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳಿಸಿತು. ಅವತ್ತೇ ತೀರ್ಮಾನ ಮಾಡಿದೆ, ಇನ್ನು ಕಾಗದವೇ ಸೈ.

ಇಲ್ಲಿ ಎಲ್ಲ ಚೆನ್ನಾಗಿದೆ. ಬೆಳಗಿನ ಪೂಜೆ, ದೊಡ್ಡ ಬುದ್ಧಿಯವರಿಗೆ ಸ್ನಾನ, ಅವರ ಗುಳಿಗೆ, ಸಂಸ್ಕೃತ ಪಾಠ, ದಾಸೋಹ, ಮತ್ತೆ ಪೂಜೆ. ಪೀಠದಲ್ಲಿರುವ ಸ್ವಾಮಿಗಳನ್ನು ಇಲ್ಲಿ ಎಲ್ಲರೂ ದೊಡ್ಡ ಬುದ್ಧಿ ಎನ್ನುತ್ತಾರೆ. ನಾನು ಮರಿಬುದ್ಧಿ. ಶಿರಾಳಕೊಪ್ಪದ ಕಾಲೇಜಿನಲ್ಲಿ ಅಕೌಂಟೆನ್ಸಿ ಪಾಠ ಮಾಡುತ್ತಿದ್ದ ಸುರೇಂದ್ರ ಯಾರೋ ದೂರದ ನೆಂಟ ಎನ್ನಿಸುತ್ತಾನೆ.

ಮೊನ್ನೆ ಭಕ್ತರೊಬ್ಬರು ಸಭಾಂಗಣಕ್ಕೆ ಬಾಗಿಲಿನಷ್ಟು ದೊಡ್ಡ ಟಿ.ವಿ. ಕೊಟ್ಟರು. ಗೋಡೆಗೆ ಹಾಕಿ ಕರೆಂಟು ಕೊಡುವ ಮೊದಲು ಅದರ ಕಪ್ಪು ಗಾಜಿನಲ್ಲಿ ನನ್ನ ಮುಖ ಕಾಣಿಸಿತು. ಕುಪ್ಪಗಡ್ಡೆಯ ನಮ್ಮ ಮನೆಯ ಪೋರ್ಟಬಲ್ ಟಿ.ವಿ. ನೆನಪಾಯಿತು. ಸೋದರಮಾವ ಶಿವಮೊಗ್ಗದಿಂದ ತಂದುಕೊಟ್ಟ ಗೇಮ್ ಸೆಟ್ಟು, ಆ ಕ್ಯಾಸೆಟ್ಟು, ಅದರ ಬಾಯಿಗೆ ನೀನು ಉಫ್ ಎಂದು ಊದಿ ಸಿಕ್ಕಿಸುತ್ತಿದ್ದದ್ದು, ಎಲ್ಲ. ನಮ್ಮದು ಟ್ಯಾಂಕಿನ ಆಟ. ಕೆಳಗೆ ಇಟ್ಟಿಗೆಯ ಗೂಡಿನಲ್ಲಿ ಒಂದು ಹಕ್ಕಿ. ಮೇಲಿಂದ ಇಳಿದು ಬರುವ ಟ್ಯಾಂಕುಗಳು ಅದನ್ನು ಹೊಡೆಯದ ಹಾಗೆ ನಾವಿಬ್ಬರು ಕಾಯಬೇಕು. ನೀನು ಎಡಕ್ಕೆ, ನಾನು ಬಲಕ್ಕೆ.

ಒಂದು ಸ್ಟೇಜಿನಲ್ಲಿ ಎಲ್ಲಿ ನೋಡಿದರೂ ನೀರಿತ್ತಲ್ಲ, ಟ್ಯಾಂಕು ಹೊರಗೆ ಹೋಗಲು ಸಣ್ಣ ಸಂದಿ ಮಾತ್ರ. ಆ ಸಂದಿ ಎಡಕ್ಕಿತ್ತೋ ಬಲಕ್ಕಿತ್ತೋ? ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿಲ್ಲ. ಆ ಸೆಟ್ಟು ಈಗ ಎಲ್ಲಿದೆ? ಸುಮ್ಮನೆ ಕೇಳಿದೆ ಅಷ್ಟೇ.

ಇಂತಿ,
ಎರಡನೇ ಪ್ಲೇಯರ್


ಸೊರಬ
13 ಅಕ್ಟೋಬರ್ 2024

ಮರಿಬುದ್ಧಿಯವರ ಪಾದಗಳಿಗೆ ಅಡ್ಡಬಿದ್ದೆ. (ಏಳು ಅನ್ನು, ಸೊಂಟ ನೋಯುತ್ತಿದೆ.)

ಲೋ ಸುರಿ, ನಿನ್ನ ಕಾಗದ ಓದಿ ಅಂಗಡಿಯಲ್ಲಿ ಒಬ್ಬಳೇ ನಕ್ಕೆ. ಫ್ಯಾನಿಗೆ ಕೆಪಾಸಿಟರ್ ಕೇಳಲು ಬಂದವನು ನನ್ನನ್ನೇ ನೋಡುತ್ತ ನಿಂತಿದ್ದ. ನಿನ್ನ ಭಾವ ರಾಜಕುಮಾರ್ ಅವರಂತೂ "ಅಕ್ಕ-ತಮ್ಮ ಇಬ್ರಿಗೂ ಹುಚ್ಚು ಹಿಡಿದದೆ ಮಾರಾಯ್ತಿ" ಎಂದು ಒಳಗೆ ಹೋದರು. ಹೋಗಲಿ ಬಿಡು. ನಿನ್ನ ಪುಣ್ಯ, ಮೊಬೈಲು ಇಲ್ಲ, ಕಂತು ಕಟ್ಟುವುದಿಲ್ಲ, ಹೊತ್ತಿಗೆ ಸರಿಯಾಗಿ ಊಟ. ನನ್ನನ್ನೂ ಒಂದು ತಿಂಗಳು ಮರಿ ಮಾಡಿಕೊಳ್ಳುತ್ತಾರೇನೋ ಕೇಳಿ ನೋಡು.

ಸೆಟ್ಟು ಸಿಕ್ಕಿತು! ಅಪ್ಪ ಹೋದ ಮೇಲೆ ಕುಪ್ಪಗಡ್ಡೆ ಮನೆ ಮಾರಿ ಅವ್ವನನ್ನು ಇಲ್ಲಿಗೆ ಕರೆದುಕೊಂಡು ಬಂದಾಗ ಅವಳ ಟ್ರಂಕಿನಲ್ಲಿ ಅದೂ ಬಂದಿದೆ. ಅಪ್ಪನ ಶಲ್ಯದಲ್ಲಿ ಸುತ್ತಿಟ್ಟಿದ್ದಾಳೆ. ಅಡಾಪ್ಟರಿನೊಳಗೆ ಹಲ್ಲಿ ಮೊಟ್ಟೆ ಇಟ್ಟಿತ್ತು. ಎರಡೂ ರಿಮೋಟು ಇವೆ, ನಿನ್ನದರ ಬಟನ್ ಸವೆದು ನುಣ್ಣಗಾಗಿದೆ.

ನೀರಿನ ಸ್ಟೇಜು ನೆನಪಿಲ್ಲ ಕಣೋ. ಆದರೆ ನಮ್ಮ ಕಾನೂನು ನೆನಪಿದೆ. ಕರೆಂಟು ಹೋದಾಗ ಎದ್ದವರು ಔಟು. ಎಷ್ಟು ಹೊತ್ತಾದರೂ ಜಾಗ ಬಿಡದೆ ಕೂತವರಿಗೆ, ಕರೆಂಟು ಬಂದ ಮೇಲೆ ಒಂದನೇ ರಿಮೋಟು. ಮಹಾ ಮೋಸದ ಕಾನೂನು ಅದು. ಕರೆಂಟು ಹೋದ ಕೂಡಲೆ ಅವ್ವ "ಚೈತ್ರಾ, ಲಾಟೀನು ಹಚ್ಚೇ" ಅನ್ನುತ್ತಿದ್ದಳು. ನಿನ್ನನ್ನು ಯಾರು ಕರೆಯುತ್ತಿದ್ದರು? ನಾನು ಎದ್ದೆದ್ದು ಔಟಾದೆ, ನೀನು ಕೂತು ಕೂತು ಗೆದ್ದೆ.

ಅವ್ವ ದಿನಾ ಜಗಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರಿಗೆಲ್ಲ "ನನ್ನ ಮಗ ಪೀಠ ಏರ್ತಾನೆ" ಎಂದು ಹೇಳುತ್ತಾಳೆ. ನಿನ್ನ ಪಟ್ಟಾಧಿಕಾರಕ್ಕೆ ಉಡುವ ಸೀರೆಗೆ ಈಗಲೇ ಫಾಲ್ಸ್ ಹಾಕಿಸಿದ್ದಾಳೆ. ನಿನಗೆ ಅಲ್ಲಿ ಸ್ವಲ್ಪ ಬೇಜಾರು ಹತ್ತಿದೆ, ಅದಕ್ಕೆ ಆಟ ಗೀಟ ನೆನಪಾಗುತ್ತಿದೆ. ಹೊಸ ಜಾಗ ಅಲ್ಲವಾ, ಹೊಂದಿಕೊಳ್ಳುತ್ತೀಯ.

ಇಂತಿ ನಿನ್ನ ಅಕ್ಕ,
ಒಂದನೇ ಪ್ಲೇಯರ್ (ಕರೆಂಟು ಇರುವ ತನಕ)


ಹುಣಸೆಮರದ ಮಠ
3 ನವೆಂಬರ್ 2024

ಅಕ್ಕಾ,

ಇದು ಬೇಜಾರಲ್ಲ. ಬೇಜಾರಾಗಿದ್ದರೆ ಹುಣಸೆಮರ ಎಣಿಸುತ್ತ ಕೂರುತ್ತಿದ್ದೆ.

ಪಟ್ಟಾಧಿಕಾರಕ್ಕೆ ಸ್ಮರಣ ಸಂಚಿಕೆ ಮಾಡುತ್ತಿದ್ದಾರೆ. ಅದರಲ್ಲಿ ನನ್ನ ಬಾಲ್ಯದ ಬಗ್ಗೆ ಒಂದು ಲೇಖನ. ಮಹೇಶ್ವರಪ್ಪನವರು ನನಗೇ ಓದಿ ಹೇಳಿದರು. ದೊಡ್ಡ ಬುದ್ಧಿಯವರು ಪಾದಪೂಜೆಗೆಂದು ಕುಪ್ಪಗಡ್ಡೆಗೆ ಬಂದಾಗ ಹತ್ತು ವರ್ಷದ ಬಾಲಕ ಕಣ್ಣು ಮುಚ್ಚಿ, ಅಲುಗಾಡದೆ, ಲೋಕದ ಪರಿವೆಯಿಲ್ಲದೆ ಧ್ಯಾನದಲ್ಲಿದ್ದನಂತೆ. ಅವನ ಸುತ್ತ ಬೆಳಕಿತ್ತಂತೆ. ಬೆಳಕು! ಅವರು ಬಂದಾಗ ಮನೆಯಲ್ಲಿ ಕರೆಂಟೇ ಇರಲಿಲ್ಲ.

ನಡೆದದ್ದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ಬರೆದು ನೋಡದಿದ್ದರೆ ನನಗೇ ಅನುಮಾನ ಬರುವ ಹಾಗಾಗಿದೆ. ನಾವು ಎಂದೂ ಮುಟ್ಟದ ಸ್ಟೇಜು ಮುಟ್ಟಿದ್ದೆವು, ಅದೇ ನೀರಿನ ಸ್ಟೇಜು. ಕರೆಂಟು ಹೋಯಿತು. ಅಷ್ಟರಲ್ಲಿ ಸ್ವಾಮಿಗಳು ಹೇಳಿದ್ದಕ್ಕಿಂತ ಬೇಗ ಬಂದುಬಿಟ್ಟರು. ನೀನು ಕಾಲಿಗೆ ನೀರು ತರಲು ಎದ್ದು ಓಡಿದೆ, ಔಟಾದೆ. ನಾನು ರಿಮೋಟನ್ನು ಟವಲಿನ ಕೆಳಗೆ ಮುಚ್ಚಿ ಅಲ್ಲೇ ಕೂತೆ. ಎದ್ದರೆ ಆಟ ಹೋಗುತ್ತದೆ ಎನ್ನುವುದು ಬಿಟ್ಟು ನನ್ನ ತಲೆಯಲ್ಲಿ ಇನ್ನೇನೂ ಇರಲಿಲ್ಲ. ಮರೆಯಬಾರದು ಎಂದು ಕಣ್ಣು ಮುಚ್ಚಿ ತಲೆಯೊಳಗೇ ಆಟ ಮುಂದುವರಿಸಿದೆ. ಅವರು ಹೊಸ್ತಿಲಲ್ಲಿ ನಿಂತು, "ಮಲ್ಲಿಕಾರ್ಜುನಯ್ಯಾ, ಈ ಕೂಸು ಹಿಂಗ ಕೂತು ಎಷ್ಟು ಹೊತ್ತಾತು?" ಎಂದು ಕೇಳಿದರು. ಅಪ್ಪ, "ಅದು ಯಾವತ್ತೂ ಹಂಗೇ ಬುದ್ಧಿ" ಎಂದುಬಿಟ್ಟ. ಅದಂತೂ ನಿಜವೇ. "ಇದನ್ನ ನಮಗ ಕೊಡು" ಎಂದರು. ಅಪ್ಪ ಕೈ ಮುಗಿದು "ನಿಮ್ದೇ ಬುದ್ಧಿ" ಅಂದ.

ಆಮೇಲೆ ಓದಲಿ ಎಂದರು, ಓದಿದೆ. ಕೆಲಸಕ್ಕೆ ಸೇರಲಿ ಎಂದರು, ಸೇರಿದೆ. ಹೆಣ್ಣು ನೋಡುವ ಮಾತು ಬಂದಾಗೆಲ್ಲ ಅಪ್ಪ ಮಾತು ಬದಲಿಸಿದ. ಮರೆತುಹೋಗಿದೆ ಎಂದುಕೊಂಡಿದ್ದೆ. ಈಗ ದೊಡ್ಡ ಬುದ್ಧಿಯವರಿಗೆ ಕೈ ನಡುಗುತ್ತದೆ, ಕಾಲು ಬಾತಿದೆ. "ನನ್ನ ಕೂಸು ಎಲ್ಲೈತಿ?" ಎಂದು ಕೇಳಿ ಕಳಿಸಿದರು. ಅಪ್ಪ ಇದ್ದಿದ್ದರೆ ಜಗಳವಾಡುತ್ತಿದ್ದೆ. ಸತ್ತವರ ಜೊತೆ ಹೇಗೆ ಜಗಳವಾಡುವುದು?

ಫೆಬ್ರವರಿ ಹತ್ತಕ್ಕೆ ಮುಹೂರ್ತ. ಅದಾದ ಮೇಲೆ ನನಗೆ ಹೆಸರಿಲ್ಲ, ಅವ್ವ ಇಲ್ಲ, ನೀನಿಲ್ಲ. ನನಗೆ ಇದು ಬೇಡ ಅಕ್ಕಾ. ಇಲ್ಲಿಯ ಬಾಗಿಲಿಗೆ ಅಗುಳಿಯೂ ಇಲ್ಲ, ಆದರೂ ಉಸಿರು ಕಟ್ಟುತ್ತದೆ. ನಾನೇ ಹೇಳಿದರೆ ಮರಿಗಳಿಗೆ ಮೊದಮೊದಲು ಹೀಗೆಲ್ಲ ಆಗುತ್ತದೆ ಎಂದು ತಲೆ ನೇವರಿಸುತ್ತಾರೆ. ನೀನು ಬಾ. ಅವತ್ತು ಟವಲಿನ ಕೆಳಗೆ ಏನಿತ್ತು ಎಂದು ನೋಡಿದವಳು ನೀನೊಬ್ಬಳೇ. ಬಂದು ದೊಡ್ಡ ಬುದ್ಧಿಯವರ ಎದುರು ಹೇಳು, ಇವನು ಧ್ಯಾನ ಮಾಡುತ್ತಿರಲಿಲ್ಲ, ಆಟಕ್ಕೆ ಕಾಯುತ್ತಿದ್ದ ಎಂದು. ಅಷ್ಟು ಸಾಕು.

ಸುರೇಂದ್ರ


ಸೊರಬ
27 ನವೆಂಬರ್ 2024

ಸುರಿ,

ಉತ್ತರ ತಡವಾಯಿತು. ಕಾರ್ತೀಕ ದೀಪೋತ್ಸವಗಳಿಗೆ ಸೀರಿಯಲ್ ಲೈಟುಗಳ ವ್ಯಾಪಾರ, ಅವ್ವನ ಮಂಡಿ ನೋವು, ಏನೇನೋ.

ಸೆಟ್ಟು ರಿಪೇರಿ ನಡೆದಿದೆ. ನಿನ್ನ ಭಾವ ಬೇರೆ ಅಡಾಪ್ಟರ್ ಹಾಕಿದರು. ಕೆಂಪು ಲೈಟು ಹತ್ತಿತು, ಚಿತ್ರ ಮಾತ್ರ ಬರಲಿಲ್ಲ. ಕ್ಯಾಸೆಟ್ಟಿನ ತಗಡನ್ನು ರಬ್ಬರಿನಿಂದ ಉಜ್ಜಿದ ಮೇಲೆ ಗೆರೆ ಗೆರೆಯಾಗಿ ಬಂತು. ಊದಬಾರದಂತೆ ಕಣೋ, ಉಗುಳು ಬಿದ್ದು ತುಕ್ಕು ಹಿಡಿಯುತ್ತದಂತೆ. ನಾವು ಊದಿ ಊದಿಯೇ ಹಾಳು ಮಾಡಿದ್ದು.

ನೀನು ಹೇಳಿದ ವಿಷಯ ಯೋಚನೆ ಮಾಡಿದೆ. ದೊಡ್ಡ ಬುದ್ಧಿಯವರಿಗೆ ಮೈ ಸರಿಯಿಲ್ಲದ ಹೊತ್ತಿನಲ್ಲಿ ಹೋಗಿ ಇದನ್ನೆಲ್ಲ ಹೇಳುವುದು ಹೇಗೆ? ಅವ್ವನ ಮುಖ ನೋಡಿದರೆ ನನಗೆ ಬಾಯಿ ಬರುವುದಿಲ್ಲ. ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಿಕೊಳ್ಳಬೇಡ. ನಮಗೇ ಗೊತ್ತಿಲ್ಲದ ಹಾಗೆ ನಮ್ಮೊಳಗೆ ಏನೋ ಇರಬಹುದಲ್ಲವಾ? ಆಟದ ನೆಪದಲ್ಲಿ ಕೂತದ್ದೇ ಇರಲಿ, ಕೂತದ್ದಂತೂ ಹೌದು. ನಾನು ಎಷ್ಟು ಆಡಿದರೂ ಹಾಗೆ ಕೂರಲು ಬರಲಿಲ್ಲ. ನಿನಗೆ ಅಲ್ಲಿ ನೆಮ್ಮದಿ ಇರಬಹುದು, ನೀನೇ ಒಪ್ಪಿಕೊಳ್ಳುತ್ತಿಲ್ಲ ಎಂದು ನನಗೆ ಅನ್ನಿಸುತ್ತಿದೆ. ಯಾಕೆ ಅನ್ನಿಸಿತು ಎಂದು ಕೇಳಬೇಡ.

ಚಳಿ ಶುರುವಾಗಿದೆ. ಸ್ವೆಟರ್ ಹಾಕಿಕೊಳ್ಳಬಹುದು ತಾನೆ ಅಲ್ಲಿ?

ಚೈತ್ರ


ಹುಣಸೆಮರದ ಮಠ
4 ಡಿಸೆಂಬರ್ 2024

ಅಕ್ಕಾ,

ಯಾಕೆ ಅನ್ನಿಸಿತು ಎಂದು ನಾನು ಕೇಳುವುದಿಲ್ಲ. ಮಹೇಶ್ವರಪ್ಪನವರು ಹೇಳಿದರು.

"ನಿಮ್ಮ ಪೂರ್ವಾಶ್ರಮದ ಅಕ್ಕಾರು ಬಂದಿದ್ರಲ್ರೀ ಮರಿಬುದ್ಧಿ, ಕಾರ್ತೀಕ ಸೋಮಾರ. ಕಂಬದ ಹತ್ರ ಕೂತು ನಿಮ್ಮನ್ನೇ ನೋಡಿ ಕಣ್ಣೀರು ಹಾಕ್ತಿದ್ರು. ಮಾತಾಡಸ್ರಿ ಅಂದ್ರ, ಬ್ಯಾಡ್ರಿ, ಧ್ಯಾನದಾಗ ಅದಾರ ಅಂತ ಹೇಳಿ ಪ್ರಸಾದ ತಗಂಡು ಹೋದ್ರು."

ಧ್ಯಾನದಾಗ ಅದಾರ! ಈ ಮಾತು ಯಾರು ಬೇಕಾದರೂ ಹೇಳಲಿ, ನೀನು ಹೇಗೆ ಹೇಳಿದೆ? ಆ ಸೋಮವಾರ ಜನ ಸಾಲುಗಟ್ಟಿದ್ದರು. ದೊಡ್ಡ ಬುದ್ಧಿಯವರಿಗೆ ಕೂರಲಾಗದೆ ನನ್ನನ್ನು ಕೂರಿಸಿದರು. ಅಷ್ಟು ಜನ ನನ್ನ ಕಾಲು ಮುಟ್ಟುವುದನ್ನು ನೋಡಲಾರದೆ ಕಣ್ಣು ಮುಚ್ಚಿದೆ. ಮುಚ್ಚಿದ ಮೇಲೆ ಏನು ಮಾಡುವುದು? ನೀರಿನ ಸ್ಟೇಜು ಆಡುತ್ತಿದ್ದೆ. ಎಡಕ್ಕೆ ಹೋದೆ, ಸಂದಿ ಇಲ್ಲ. ಬಲಕ್ಕೆ ಹೋದೆ, ಅಲ್ಲೂ ನೀರು. ಯಾರೋ ಮುದುಕಿಯ ತಲೆ ಮೇಲೆ ಕೈ ಇಟ್ಟೆನಂತೆ, ಅವಳು ಅಳು ನಿಲ್ಲಿಸಿದಳಂತೆ. ನನ್ನ ಕೈ ಎಲ್ಲಿತ್ತು ಎಂದೇ ನನಗೆ ಗೊತ್ತಿಲ್ಲ.

ನಾನು ನಿನ್ನನ್ನು ಬಾ ಎಂದು ಕರೆದೆ. ನೀನು ಬಂದೆ. ಹತ್ತು ಹೆಜ್ಜೆ ದೂರದಲ್ಲಿ ಕೂತೆ. ಅವತ್ತು ಹೊಸ್ತಿಲಲ್ಲಿ ನಿಂತವರು ಮಾಡಿದ ತಪ್ಪನ್ನೇ ಮಾಡಿ, ಕೈ ಮುಗಿದು ಎದ್ದು ಹೋದೆ. ಅವರಿಗಾದರೋ ಟವಲಿನ ಕೆಳಗಿನದು ಗೊತ್ತಿರಲಿಲ್ಲ.

ಆಟದಲ್ಲಿ ನಿನ್ನ ಗುಂಡು ನನ್ನ ಟ್ಯಾಂಕಿಗೆ ತಗುಲಿದರೆ ಏನಾಗುತ್ತಿತ್ತು, ನೆನಪಿದೆಯಾ? ಶತ್ರುವಿನ ಗುಂಡು ಬಿದ್ದರೆ ಸಾಯುತ್ತಿದ್ದೆ, ಸತ್ತು ಮತ್ತೆ ಹುಟ್ಟುತ್ತಿದ್ದೆ. ನಿನ್ನದು ಬಿದ್ದರೆ ಸಾಯುತ್ತಿರಲಿಲ್ಲ, ನಿಂತಲ್ಲೇ ಮಿಣುಕುತ್ತ ನಿಂತುಬಿಡುತ್ತಿದ್ದೆ. ಈಗ ಹಾಗೇ ಆಗಿದೆ.

ಸುರೇಂದ್ರ


ಸೊರಬ
22 ಡಿಸೆಂಬರ್ 2024

ಸುರಿ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ನಾಲ್ಕು ಸಲ ಬರೆಯಲು ಕೂತು ಹರಿದು ಹಾಕಿದೆ. ಏನು ಬರೆದರೂ ನೆಪ ಹೇಳಿದ ಹಾಗಾಗುತ್ತದೆ.

ನಿಜ ಹೇಳುತ್ತೇನೆ. ಅವತ್ತು ಹೇಳಿಯೇ ಬರಬೇಕು ಎಂದು ಬೆಳಗಿನ ಬಸ್ಸು ಹತ್ತಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಒಳಗೆ ಬಂದು ನಿನ್ನನ್ನು ನೋಡಿದೆ. ನೀನು ನನ್ನ ತಮ್ಮ ಅನ್ನಿಸಲಿಲ್ಲ. ಎಷ್ಟು ಸಮಾಧಾನದ ಮುಖ ಅದು! ನಮ್ಮ ಮನೆಯಲ್ಲಿ, ನಮ್ಮ ಪೈಕಿ ಯಾರ ಮುಖದಲ್ಲೂ ಅಂಥ ಸಮಾಧಾನ ನಾನು ನೋಡಿಲ್ಲ. ಅಪ್ಪ ಸಾಯುವಾಗಲೂ ಗೊಣಗುತ್ತಲೇ ಸತ್ತ. ಈ ಹುಡುಗನಿಗಾದರೂ ಅದು ಸಿಕ್ಕಿದೆಯಲ್ಲ, ನಾನ್ಯಾಕೆ ಕೆಡಿಸಲಿ ಎಂದು ಅತ್ತುಬಿಟ್ಟೆ. ನನಗೆ ಬುದ್ಧಿ ಇಲ್ಲ ಸುರಿ.

ಅವ್ವನಿಗೆ ಎಲ್ಲ ಹೇಳಿದೆ. ಟವಲು, ರಿಮೋಟು, ಕರೆಂಟು, ಒಂದೂ ಬಿಡದೆ. ಅವಳು ಬೀನ್ಸು ಮುರಿಯುತ್ತ ಕೇಳಿದಳು. ಕೊನೆಗೆ ಏನಂದಳು ಗೊತ್ತಾ? "ಆಟನೋ ಗೀಟನೋ, ಕೂತಿದ್ದ ಹೌದಲ್ಲ? ನೀ ಯಾಕೆ ಕೂತ್ಕಳ್ಳಲಿಲ್ಲ?" ನನಗೆ ಮೈ ಉರಿಯಿತು. "ಲಾಟೀನು ಹಚ್ಚಕ್ಕೆ ನನ್ನನ್ನ ಎಬ್ಬಿಸಿದ್ದು ಯಾರು?" ಅಂದೆ. ಇಬ್ಬರೂ ಒಂದು ವಾರ ಮಾತು ಬಿಟ್ಟೆವು.

ಈ ಸಲ ಬಂದೇ ಬರುತ್ತಿದ್ದೆ, ಅಷ್ಟರಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಪ್ಲಾಸ್ಟರ್ ಹಾಕಿದ್ದಾರೆ. ಅವಳನ್ನು ಎತ್ತಿ ಕೂರಿಸಲು ನಾನೇ ಬೇಕು. ಆದ್ದರಿಂದ ನಿನ್ನ ಭಾವನ ಕೈಯಲ್ಲಿ ಸೆಟ್ಟನ್ನೇ ಕಳಿಸುತ್ತಿದ್ದೇನೆ. ಈಗ ಚಿತ್ರ ಬರುತ್ತದೆ. ದೊಡ್ಡ ಟಿ.ವಿ.ಗೆ ಹಾಕುವ ಮೂರು ಬಣ್ಣದ ವಯರೂ ಇಟ್ಟಿದ್ದೇನೆ. ಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ ಎಂದರೆ ಆಡಿ ತೋರಿಸು. ಇದರ ಮುಂದೆ ಕೂತಿದ್ದೆ ಬುದ್ಧಿ, ದೇವರ ಮುಂದಲ್ಲ ಎಂದು ಹೇಳು. ಕ್ಯಾಸೆಟ್ಟಿಗೆ ಊದಬೇಡ.

ನಿನ್ನ ಅಕ್ಕ


ಹುಣಸೆಮರದ ಮಠ
12 ಜನವರಿ 2025

ಅಕ್ಕಾ,

ನಮ್ಮ ಟ್ಯಾಂಕುಗಳಿಗೆ ಬಣ್ಣ ಇತ್ತು! ನಿನಗೆ ಗೊತ್ತಿತ್ತಾ? ಆ ಕಪ್ಪು ಬಿಳುಪು ಟಿ.ವಿ.ಯಲ್ಲಿ ನಿನ್ನದು ತಿಳಿ ಬೂದಿ, ನನ್ನದು ಕಡು ಬೂದಿ ಎಂದು ಕಿತ್ತಾಡುತ್ತಿದ್ದೆವಲ್ಲ. ನಿನ್ನದು ಹಳದಿ, ನನ್ನದು ಹಸಿರು. ಪರದೆಯ ಮೇಲೆ ಅದು ಕಂಡಾಗ ಹತ್ತಿರ ಹೋಗಿ ಬೆರಳಿನಿಂದ ಮುಟ್ಟಿ ನೋಡಿದೆ. ಇಷ್ಟು ವರ್ಷ ಆಡಿದ ಆಟವನ್ನು ನಾವು ನೋಡಿಯೇ ಇರಲಿಲ್ಲ.

ನಿನ್ನೆ ಮಧ್ಯಾಹ್ನ ದಾಸೋಹ ಮುಗಿದ ಮೇಲೆ ದೊಡ್ಡ ಬುದ್ಧಿಯವರನ್ನು ಗಾಲಿ ಕುರ್ಚಿಯಲ್ಲಿ ಸಭಾಂಗಣಕ್ಕೆ ಕರೆತಂದೆ. ಸೆಟ್ಟು ಜೋಡಿಸಿದೆ. ಮಹೇಶ್ವರಪ್ಪನವರು "ಇದೇನ್ರೀ ಮರಿಬುದ್ಧಿ, ಹೊಸಾ ಕ್ಯಾಮೆರಾ?" ಎಂದರು. ನಾನು ನೆಲದ ಮೇಲೆ ಕೂತು ಆಡಿದೆ. ಬೆರಳಿಗೆ ಎಲ್ಲ ನೆನಪಿತ್ತು. ದೊಡ್ಡ ಬುದ್ಧಿಯವರು ಸುಮ್ಮನೆ ನೋಡುತ್ತಿದ್ದರು. ಪರದೆಯ ಕಡೆ ಬೆರಳು ತೋರಿಸಿ ಕೇಳಿದರು:

"ಆ ಹಕ್ಕಿ ಯಾಕ ಹಾರಿ ಹೋಗವಲ್ದು? ರೆಕ್ಕಿ ಅದಾವಲ್ಲ?"

"ಅದಕ್ಕೆ ಹಾರೋದು ಆಟದಲ್ಲಿ ಇಲ್ಲ ಬುದ್ಧಿ" ಎಂದೆ.

"ಪಾಪ" ಎಂದರು. ಆಮೇಲೆ "ನನಗೂ ಒಂದು ಕೊಡು" ಎಂದು ಕೈ ಚಾಚಿದರು. ನಿನ್ನ ರಿಮೋಟು ಕೊಟ್ಟೆ. ಕೈ ನಡುಗಿ ಒತ್ತಿದ್ದು ಒಂದು, ಆದದ್ದು ಒಂದು. ಅವರ ಹಳದಿ ಟ್ಯಾಂಕು ಗಿರ್ರನೆ ತಿರುಗಿ ನಮ್ಮ ಹಕ್ಕಿಗೇ ಗುಂಡು ಹೊಡೆಯಿತು, ಆಟ ಮುಗಿಯಿತು. ಹಲ್ಲಿಲ್ಲದ ಬಾಯಿ ತೆಗೆದು ಅವರು ನಕ್ಕರು ನೋಡು, ನಾನು ಇಲ್ಲಿಗೆ ಬಂದ ಮೇಲೆ ಅವರು ಹಾಗೆ ನಕ್ಕದ್ದೇ ಇಲ್ಲ.

ಆ ನಗುವಿನ ಧೈರ್ಯದಲ್ಲಿ ಎಲ್ಲ ಹೇಳಿಬಿಟ್ಟೆ. ಧ್ಯಾನ ಇರಲಿಲ್ಲ ಬುದ್ಧಿ, ಇದಿತ್ತು, ಟವಲಿನ ಕೆಳಗೆ ಇದೇ ರಿಮೋಟಿತ್ತು, ನನಗೆ ಪೀಠ ಬೇಡ, ನನ್ನನ್ನು ಬಿಟ್ಟುಬಿಡಿ. ಹೇಳುತ್ತ ಹೇಳುತ್ತ ಅತ್ತೆ.

ಅವರು, "ವಯರು ಕಂಡಿತ್ತಪ" ಎಂದರು.

ನನಗೆ ಅರ್ಥವಾಗಲಿಲ್ಲ.

"ಅವತ್ತೇ ಕಂಡಿತ್ತು. ಟವಲ್ಲಿನ ಕೆಳಗಿಂದ ಟೀವಿ ತನಕ ಹೋಗಿತ್ತಲ್ಲ, ಕಾಣದಂಗ ಇರಾಕ ನಾನೇನು ಕುರುಡನ? ಪ್ರಾರ್ಥನಾ ಮಾಡೋ ಕೂಸು ಬೇಕಂದ್ರ ಊರಿಗೆ ಹತ್ತು ಸಿಗತಾವ. ಎದುರಿಗೆ ಏನೂ ಕಾಣದಿದ್ರೂ ಎದ್ದು ಹೋಗದ ಕೂಸು ಬೇಕಾಗಿತ್ತು ನನಗ."

ಆಮೇಲೆ ತಮ್ಮ ಕಥೆ ಹೇಳಿದರು. ಅವರು ಸಣ್ಣವರಿದ್ದಾಗ ಬೆಲ್ಲ ಕದ್ದು, ಅವ್ವನ ಏಟಿಗೆ ಹೆದರಿ, ಜೋಳ ತುಂಬುವ ನೆಲದೊಳಗಿನ ಹಗೇವಿನಲ್ಲಿ ಅವಿತಿದ್ದರಂತೆ. ಹಿಂದಿನ ಗುರುಗಳು ಅಂಗಳಕ್ಕೆ ಬಂದ ಹೊತ್ತಿಗೆ ಉಸಿರು ಕಟ್ಟಿ ಮೇಲೆ ಬಂದರಂತೆ. "ಭೂಮ್ಯಾಗಿಂದ ಎದ್ದು ಬಂದ ಕೂಸು ಅಂದ್ರು. ಬಾಯಾಗ ಬೆಲ್ಲ ಇತ್ತು, ಮಾತಾಡಾಕ ಆಗಲಿಲ್ಲ. ಆಮ್ಯಾಗ ಮಾತಾಡೋ ಹೊತ್ತು ಬರಲೇ ಇಲ್ಲ."

ರಿಮೋಟನ್ನು ನನ್ನ ಕೈಗೆ ವಾಪಸ್ ಕೊಟ್ಟು, "ನಿನ್ನನ್ನ ಹಿಡಿಯಾಂವ ನಾನಲ್ಲ. ಹೋಗಬೇಕಂದ್ರ ಎದ್ದು ಹೋಗು" ಎಂದರು.

ಅಷ್ಟೇ ಅಲ್ಲವಾ ನನಗೆ ಬೇಕಾಗಿದ್ದದ್ದು? ಅದೇ ಗಳಿಗೆಯಲ್ಲಿ ಕರೆಂಟು ಹೋಯಿತು. ಮಹೇಶ್ವರಪ್ಪನವರು ಜನರೇಟರ್ ಎನ್ನುತ್ತ ಎದ್ದರು. ಕಸ ಗುಡಿಸುತ್ತಿದ್ದ ತಿಮ್ಮಮ್ಮ ಕಿಟಕಿ ತೆಗೆಯಲು ಹೋದಳು. ಟಿ.ವಿ.ಯ ಕಪ್ಪು ಗಾಜಿನಲ್ಲಿ ಎರಡು ಮುಖ ಉಳಿದವು, ಅವರದು ಮತ್ತು ನನ್ನದು.

"ಕರೆಂಟ್ ಹೋತಲ್ಲಪ, ಏಳವಲ್ಲಿ ಯಾಕ?"

ನನ್ನ ಬಾಯಿ ತಾನಾಗಿ ಆಡಿತು ಅಕ್ಕಾ. "ಎದ್ದವರು ಔಟು ಬುದ್ಧಿ."

ಅವರು ಗಾಜಿನಲ್ಲೇ ನನ್ನನ್ನು ನೋಡಿ, "ಹಂಗಾರ ಇಬ್ರೂ ಕೂರೋಣ" ಎಂದರು.

ಜನರೇಟರ್ ಶುರುವಾಗುವ ತನಕ ಕೂತೇ ಇದ್ದೆವು. ಬಾಗಿಲು ತೆರೆದಿತ್ತು. ನಾನು ಏಳಲಿಲ್ಲ. ಯಾಕೆ ಏಳಲಿಲ್ಲ ಎಂದು ನೀನಾದರೂ ಹೇಳು.

ಸುರೇಂದ್ರ


ಸೊರಬ
20 ಜನವರಿ 2025

ಸುರಿ,

ಯಾಕೆ ಏಳಲಿಲ್ಲ ಎಂದರೆ, ನಿನ್ನನ್ನು ಎಂದೂ ಯಾರೂ ಎಬ್ಬಿಸಲಿಲ್ಲ, ಅದಕ್ಕೆ. ನಾನು ಎಬ್ಬಿಸುತ್ತೇನೆ. ಏಳು.

ಔಟಾದರೆ ಏನಾಗುತ್ತದೆ ಎಂದುಕೊಂಡಿದ್ದೀಯ? ನನ್ನನ್ನು ನೋಡು. ಲಾಟೀನಿಗೆ ಎದ್ದೆ, ಕಾಲಿಗೆ ನೀರು ತರಲು ಎದ್ದೆ, ಪಿ.ಯು.ಸಿ. ಅರ್ಧಕ್ಕೆ ಬಿಟ್ಟು ಹಸೆಮಣೆಗೆ ಎದ್ದೆ. ಒಂದೊಂದು ಸಲವೂ ಔಟೇ. ಆದರೂ ಇದ್ದೇನಲ್ಲ! ಫ್ಯಾನು ಮಾರುತ್ತೇನೆ, ಗಂಡನ ಜೊತೆ ಜಗಳವಾಡುತ್ತೇನೆ, ಬೇಕೆನ್ನಿಸಿದಾಗ ನಗುತ್ತೇನೆ. ಔಟಾದವರಿಗೂ ಹೊಟ್ಟೆ ತುಂಬ ಊಟ ಸಿಗುತ್ತದೆ ಕಣೋ. ಜನ ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಅವ್ವ ಅಳುತ್ತಾಳೆ, ನಾನು ನೋಡಿಕೊಳ್ಳುತ್ತೇನೆ. ಅಪ್ಪನ ಮಾತು ಅಪ್ಪನದು, ಅವನ ಜೊತೆ ಹೋಯಿತು.

ಫೆಬ್ರವರಿ ಎಂಟು, ಶನಿವಾರ. ಬೆಳಗಿನಿಂದ ನಿನ್ನ ಭಾವ ವ್ಯಾನು ತೆಗೆದುಕೊಂಡು ಶಿಕಾರಿಪುರ ಬಸ್‌ಸ್ಟ್ಯಾಂಡಿನ ಹತ್ತಿರ ಕಾಯುತ್ತಿರುತ್ತಾರೆ. ಏನೂ ತರಬೇಡ. ಸೆಟ್ಟೂ ಅಲ್ಲೇ ಇರಲಿ. ಸುಮ್ಮನೆ ನಡೆದುಕೊಂಡು ಬಾ, ಹತ್ತು, ಕೂರು. ಇಲ್ಲಿ ಹಿಂದಿನ ಕೋಣೆ ಖಾಲಿ ಮಾಡಿಸಿ ಹಾಸಿಗೆ ಹಾಕಿದ್ದೇನೆ.

ಬರುತ್ತೀಯ ತಾನೆ?

ಅಕ್ಕ


ಹುಣಸೆಮರದ ಮಠ
ಶಿಕಾರಿಪುರ ತಾಲ್ಲೂಕು
16 ಫೆಬ್ರವರಿ 2025

ಶ್ರೀಮಠದ ಸದ್ಭಕ್ತರಾದ ಶ್ರೀಮತಿ ಚೈತ್ರಶ್ರೀ ರಾಜಕುಮಾರ್, ಸೊರಬ, ಇವರಿಗೆ ನೂತನ ಪಟ್ಟಾಧ್ಯಕ್ಷರ ಶುಭಾಶೀರ್ವಾದಗಳು. ತಾವು ಸಕುಟುಂಬ ಸಮೇತರಾಗಿ ಪಟ್ಟಾಧಿಕಾರ ಮಹೋತ್ಸವಕ್ಕೆ ಆಗಮಿಸಿ ತನು ಮನ ಧನಗಳಿಂದ ಸೇವೆ ಸಲ್ಲಿಸಿರುತ್ತೀರಿ. ತಮಗೂ ತಮ್ಮ ಕುಟುಂಬ ವರ್ಗಕ್ಕೂ ಸನ್ಮಂಗಳವಾಗಲೆಂದು ಹಾರೈಸಲಾಗಿದೆ.

ಅಕ್ಕಾ, ಮೇಲಿನದು ಅಚ್ಚು ಹಾಕಿಸಿದ್ದು, ಹೆಸರು ಬಿಟ್ಟರೆ ಬಂದವರಿಗೆಲ್ಲ ಒಂದೇ. ಕೆಳಗಿನ ಖಾಲಿ ಜಾಗದಲ್ಲಿ ಬರೆಯುತ್ತಿದ್ದೇನೆ.

ಶನಿವಾರ ನಾನು ಬಂದಿದ್ದೆ. ಭಾವ ನಿನಗೆ ಹೇಳಿದ್ದಾರೋ ಇಲ್ಲವೋ. ದೊಡ್ಡ ಬುದ್ಧಿಯವರಿಗೆ ಸ್ನಾನ ಮಾಡಿಸಿ, ಎದ್ದು, ಹೊಸ್ತಿಲು ದಾಟಿ, ನಡೆದುಕೊಂಡೇ ಬಸ್‌ಸ್ಟ್ಯಾಂಡಿಗೆ ಬಂದೆ. ಬೆನ್ನ ಹಿಂದೆ ಯಾರೂ ಕೂಗಲಿಲ್ಲ. ಎಷ್ಟು ಹಗುರವಾಗಿತ್ತು ಅಕ್ಕಾ! ಔಟಾದೆ, ಔಟಾದೆ ಎಂದು ನನಗೆ ನಾನೇ ಹೇಳಿಕೊಂಡು ನಗುತ್ತ ಬಂದೆ.

ಬಸ್‌ಸ್ಟ್ಯಾಂಡಿನ ಎದುರಿಗೆ ನನ್ನದೇ ಮುಖದ ಫ್ಲೆಕ್ಸು ಕಟ್ಟಿದ್ದರು, ಎರಡಾಳು ಎತ್ತರ. ಅದರ ಕೆಳಗೆ ಕೂತಿದ್ದ ಹೂವಿನವಳು ಮೇಲೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ಬುಟ್ಟಿ ಬಿಟ್ಟು ಕಾಲಿಗೆ ಬಿದ್ದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಆಟೋದವರು, ಬಸ್ಸಿಗೆ ಕಾಯುತ್ತಿದ್ದವರು. ನೋಡುತ್ತಿದ್ದ ಹಾಗೇ ಸಾಲಾಯಿತು. ಆ ಕಡೆ ಭಾವ ವ್ಯಾನಿಗೆ ಒರಗಿ ಟೀ ಕುಡಿಯುತ್ತಿದ್ದರು. ನನ್ನನ್ನು ನೋಡಿದರು. ಲೋಟ ಕೆಳಗಿಟ್ಟು ಓಡಿ ಬಂದರು. ಕೈ ಹಿಡಿದು ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡೆ. ಅವರು ಸಾಲಿನ ಹತ್ತಿರ ಬಂದು ನಿಂತರು, ಜನರನ್ನು ನೋಡಿದರು, ಚಪ್ಪಲಿ ಬಿಟ್ಟು ಕೈ ಮುಗಿದರು. "ಎಲ್ಲಿಗೆ ಬಿಡ್ಲಿ ಬುದ್ಧಿ?" ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು. ಜನ, "ಮಠಕ್ಕೆ ಬಿಡ್ರಿ, ಬಿಸಲಾಗ ನಡಕಂಡು ಬಂದಾರ" ಎಂದು ಬಾಗಿಲು ತೆಗೆದು ಕೂರಿಸಿದರು. ನೀನು ಕಳಿಸಿದ ವ್ಯಾನಿನಲ್ಲೇ ವಾಪಸ್ ಬಂದೆ. ಭಾವನನ್ನು ಬೈಯಬೇಡ.

ಸೋಮವಾರ ಪಟ್ಟದ ದಿನ ಅವ್ವನನ್ನು ಕುರ್ಚಿಯಲ್ಲಿ ಹೊತ್ತು ತಂದರಲ್ಲ, ಮೊದಲ ಭಿಕ್ಷೆ ಅವಳ ಕೈಯದೇ. ಜೋಳಿಗೆಗೆ ಅಕ್ಕಿ ಹಾಕುತ್ತ ಸುರೇಂದ್ರ ಎನ್ನಲು ಬಾಯಿ ತೆಗೆದವಳು ಸೆರಗು ಕಚ್ಚಿಕೊಂಡಳು. ಅವಳ ಹಿಂದೆ ನೀನು ಬಂದೆ. ಹಳದಿ ಸೀರೆ ಉಟ್ಟಿದ್ದೆ.

ನೀನು ಕಾಲಿಗೆ ಬೀಳುವಾಗ ನನ್ನ ಕಣ್ಣು ಮುಚ್ಚಿತ್ತು. ಎಲ್ಲರೂ ಧ್ಯಾನ ಎಂದುಕೊಂಡರು. ನೀನು ಮಾತ್ರ ಹಾಗೆ ಅಂದುಕೊಳ್ಳಬೇಡ.

ಎರಡನೇ ಪ್ಲೇಯರ್